ಹತ್ತೊಂಬತ್ತನೆಯ ಒಂದು ಪಾಲಿನ ಯೂರೋಪು

ಕಳೆದ ವರ್ಷ ಒಂದು ಸಂಜೆ, ಲೋಲಕದ ಪ್ರಯೋಗ ಮುಗಿದು ಹುಡುಗರೆಲ್ಲ ಹೊರಟುಹೋದ ಮೇಲೆ, ಪ್ರಥಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಯಲ್ಲಿಯೇ ಉಳಿದನು. "ಸಾರ್, ಇದು ಪಾಠಕ್ಕೆ ಸಂಬಂಧಪಟ್ಟ ಪ್ರಶ್ನೆಯಲ್ಲ" ಎಂದು ಪೀಠಿಕೆ ಹಾಕಿದನು. ತಾನು ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟವೊಂದನ್ನು ಆಡುತ್ತಿರುವುದಾಗಿಯೂ, ಆ ಆಟಕ್ಕೆ ಹೊಸ ದೇಶಗಳ ಭೂಪಟವನ್ನು ಬೇರೆಯಾಗಿ ಹಣ ತೆತ್ತು ಸೇರಿಸಿಕೊಳ್ಳಬಹುದೆಂದೂ, ಚರ್ಚಾಸ್ಪರ್ಧೆಯ ಬಹುಮಾನದ ಹಣ ಕೈಯಲ್ಲಿರುವುದೆಂದೂ ತಿಳಿಸಿ, "ಕೊಳ್ಳುವುದು ಸಾರ್ಥಕವೆ?" ಎಂದು ಕೇಳಿದನು.

ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದ್ದಿತು. ಅವನ ತಂದೆ ಲಾರಿ ಚಾಲಕರು. ಶಿರಾಡಿ ಘಾಟಿಯಲ್ಲಿ ಸರಕು ಸಾಗಿಸುವವರು. ಆಸ್ಟ್ರಿಯದ ಆಲ್ಪ್ಸ್ ಇಳಿಜಾರನ್ನು ತಾನು ಬರಿಯ ಕಾಲು ಬ್ರೇಕಿನಿಂದಲೇ ಇಳಿದೆನೆಂದು ಮಗನು ಪರದೆಯನ್ನು ತೋರಿಸಿದಾಗ ಅವರು ನಕ್ಕು, "ಅದು ಘಾಟಿಯಲ್ಲ ಮಗನೆ, ರೋಡ್ ಹಂಪು" ಎಂದರಂತೆ. ಹುಡುಗನಿಗೆ ಅವಮಾನವಾಯಿತು. ನಾರ್ವೆಯ ಬೆಟ್ಟಗಳಿರುವ ಭೂಪಟವನ್ನು ಕೊಂಡು ಚೆನ್ನಾಗಿ ಅಭ್ಯಾಸ ಮಾಡಿದರೆ, ಮುಂದೆ ಲೈಸೆನ್ಸು ಪಡೆಯುವ ವಯಸ್ಸು ಬರುತ್ತಲೇ ತಂದೆಯ ಲಾರಿಯನ್ನು ಘಾಟಿಯಲ್ಲಿ ಇಳಿಸಬಲ್ಲೆನೆಂಬುದು ಅವನ ಲೆಕ್ಕಾಚಾರ. ಪ್ರಶ್ನೆ ಆಟದ್ದಾಗಿದ್ದರೂ ಈ ಲೆಕ್ಕಾಚಾರ ಆಟವಲ್ಲ. ನಾನು ಅವನನ್ನು ಕುಳ್ಳಿರಿಸಿ ಕಪ್ಪು ಹಲಗೆಯ ಮೇಲೆ ಕೆಲವು ಅಂಕೆಗಳನ್ನು ಬರೆದೆನು. ಅವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಆಟದ ಹೆಸರು 'ಯೂರೊ ಟ್ರಕ್ ಸಿಮ್ಯುಲೇಟರ್ 2'. ಚೆಕ್ ಗಣರಾಜ್ಯದ ಪ್ರಾಗ್ ನಗರದಲ್ಲಿರುವ ಎಸ್‌ಸಿಎಸ್ ಸಾಫ್ಟ್‌ವೇರ್ ಎಂಬ ಸಂಸ್ಥೆ ಇದನ್ನು 2012ರಲ್ಲಿ ಹೊರತಂದಿತು. ಆಟಗಾರನು ಲಾರಿ ಚಾಲಕನಾಗಿ ಊರಿಂದೂರಿಗೆ ಸರಕು ಒಯ್ದು ಕೂಲಿ ಗಳಿಸಬೇಕು; ಕ್ರಮೇಣ ಸ್ವಂತ ಲಾರಿ, ಗ್ಯಾರೇಜು, ಸಂಬಳದ ಚಾಲಕರು ಎಂದು ವ್ಯವಹಾರ ಬೆಳೆಯುತ್ತದೆ. ಮೂಲ ಆಟದಲ್ಲಿ ಬ್ರಿಟನ್, ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡ್ ಮೊದಲಾದ ಭಾಗಗಳಿದ್ದುವು. ಅನಂತರ ಒಂದೊಂದಾಗಿ ವಿಸ್ತರಣೆಗಳು ಬಂದುವು: 2013ರಲ್ಲಿ ಪೋಲೆಂಡ್ ಮತ್ತು ಹಂಗರಿಯ ಕಡೆಯ ಪೂರ್ವಭಾಗ, 2015ರಲ್ಲಿ ಸ್ಕ್ಯಾಂಡಿನೇವಿಯ, 2016ರಲ್ಲಿ ಫ್ರಾನ್ಸ್, 2017ರಲ್ಲಿ ಇಟಲಿ, 2018ರಲ್ಲಿ ಬಾಲ್ಟಿಕ್ ತೀರ, 2019ರಲ್ಲಿ ಕಪ್ಪು ಸಮುದ್ರದ ದಾರಿ, 2021ರಲ್ಲಿ ಐಬೀರಿಯ, 2023ರಲ್ಲಿ ಪಶ್ಚಿಮ ಬಾಲ್ಕನ್, 2024ರಲ್ಲಿ ಗ್ರೀಸ್. ಆಡುವವರು ಇವನ್ನು ಡಿಎಲ್‌ಸಿ ಎಂದು ಕರೆಯುತ್ತಾರೆ. ನಮ್ಮ ಹುಡುಗನ ಕಣ್ಣು ಇದ್ದುದು ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ಗಳ ದಕ್ಷಿಣಭಾಗವನ್ನೊಳಗೊಂಡ ಸ್ಕ್ಯಾಂಡಿನೇವಿಯದ ಮೇಲೆ.

ಕುಗ್ಗಿದ ದೇಶ, ಓಡುವ ಗಡಿಯಾರ

ನಿಜವಾದ ಯೂರೋಪನ್ನು ಇದ್ದಷ್ಟೇ ಅಳತೆಯಲ್ಲಿ ಪರದೆಯೊಳಗೆ ತುಂಬಿದರೆ ಆಡುವವನ ಗತಿಯೇನು? ಸ್ವೀಡನ್ನಿನ ಮಾಲ್ಮೊ ನಗರದಿಂದ ರಾಜಧಾನಿ ಸ್ಟಾಕ್‌ಹೋಮಿಗೆ ಸುಮಾರು 600 ಕಿ.ಮೀ. ರಸ್ತೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೊರಟವನು ಏಳೂವರೆ ಗಂಟೆಯ ಕಾಲ ಕುರ್ಚಿಯಿಂದ ಏಳುವಂತಿಲ್ಲ. ಇಷ್ಟು ತಾಳ್ಮೆಯುಳ್ಳವನು ಸಂಬಳಕ್ಕೇ ಲಾರಿ ಓಡಿಸಬಹುದು. ಆದುದರಿಂದ ಆಟದ ಕರ್ತೃಗಳು ನಗರಗಳ ಹೊರಗಿನ ದೇಶವನ್ನು 19ರಲ್ಲಿ 1 ಪಾಲಿಗೆ ಕುಗ್ಗಿಸಿದ್ದಾರೆ. ಬ್ರಿಟನ್ನಿನಲ್ಲಿ ಈ ಪ್ರಮಾಣ 15ರಲ್ಲಿ 1. ನಗರಗಳ ಒಳಗೆ 3ರಲ್ಲಿ 1. ಹೀಗೆ 600 ಕಿ.ಮೀ. ದಾರಿ ಸುಮಾರು 32 ಕಿ.ಮೀ.ಗೆ ಇಳಿಯುತ್ತದೆ, 24 ನಿಮಿಷಗಳಲ್ಲಿ ಸ್ಟಾಕ್‌ಹೋಮ್ ಬರುತ್ತದೆ. ಉದ್ದವು 19 ಪಟ್ಟು ಕುಗ್ಗಿದರೆ ವಿಸ್ತೀರ್ಣವು 19ರ ವರ್ಗದಷ್ಟು, ಎಂದರೆ 361 ಪಟ್ಟು ಕುಗ್ಗುವುದಷ್ಟೆ. ಸುಮಾರು 43,000 ಚದರ ಕಿ.ಮೀ.ಗಳ ಡೆನ್ಮಾರ್ಕ್ 120 ಚದರ ಕಿ.ಮೀ.ಗಳಿಗೆ ಬಂದು ನಿಲ್ಲುತ್ತದೆ.

ಇಲ್ಲಿ ಒಂದು ತೊಡಕು ಏಳುತ್ತದೆ. 600 ಕಿ.ಮೀ. ದೂರವನ್ನು 24 ನಿಮಿಷಗಳಲ್ಲಿ ಕ್ರಮಿಸಿದ ಲಾರಿಯ ವೇಗ ಗಂಟೆಗೆ 1,500 ಕಿ.ಮೀ. ಆಗಲಿಲ್ಲವೆ? ಜೆಟ್ ವಿಮಾನಗಳಿಗೂ ಸುಲಭವಲ್ಲದ ವೇಗ! ಈ ತೊಡಕನ್ನು ಬಿಡಿಸಿದ ಬಗೆ ಬಹು ಸರಳ. ದೇಶವನ್ನು ಕುಗ್ಗಿಸಿದಷ್ಟೇ ಪ್ರಮಾಣದಲ್ಲಿ ಗಡಿಯಾರವನ್ನೂ ಓಡಿಸಿದರು. ನಮ್ಮ ಕೈಗಡಿಯಾರದಲ್ಲಿ 1 ನಿಮಿಷ ಕಳೆದಾಗ ಆಟದ ಗಡಿಯಾರದಲ್ಲಿ 19 ನಿಮಿಷ ಕಳೆದಿರುತ್ತದೆ. ಆ 1 ನಿಮಿಷದಲ್ಲಿ ಲಾರಿಯು ಪರದೆಯ ರಸ್ತೆಯಲ್ಲಿ 1.33 ಕಿ.ಮೀ. ಸಾಗಿತೆನ್ನೋಣ. ಭೂಪಟದ ಲೆಕ್ಕದಲ್ಲಿ ಅದು 25.3 ಕಿ.ಮೀ. 19 ನಿಮಿಷಕ್ಕೆ 25.3 ಕಿ.ಮೀ. ಎಂದರೆ ಗಂಟೆಗೆ 80 ಕಿ.ಮೀ.! ವೇಗವೆಂಬುದು ದೂರವನ್ನು ಕಾಲದಿಂದ ಭಾಗಿಸಿದಾಗ ದೊರೆಯುವ ಬೆಲೆ; ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಭಾಗಲಬ್ಧ ಬದಲಾಗದು. ಲಾರಿಯ ವೇಗಮಾಪಕವೂ, ಭೂಪಟವೂ, ಆಟದ ಗಡಿಯಾರವೂ ಒಂದಕ್ಕೊಂದು ಸುಳ್ಳು ಹೇಳುವುದಿಲ್ಲ.

ಆದರೆ ಪ್ರಕೃತಿಯ ಲೆಕ್ಕಪುಸ್ತಕದಲ್ಲಿ ವೇಗವೊಂದೇ ಇರುವುದಿಲ್ಲ. ವೇಗೋತ್ಕರ್ಷವನ್ನು ನೋಡಿರಿ: ಇಲ್ಲಿ ದೂರವನ್ನು ಕಾಲದ ವರ್ಗದಿಂದ ಭಾಗಿಸಬೇಕು. ದೂರ 19 ಪಟ್ಟು, ಕಾಲದ ವರ್ಗ 361 ಪಟ್ಟು. ಬರುವ ಬೆಲೆ 19ರಲ್ಲಿ 1 ಪಾಲು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಲಾರಿಗೆ, ಸೆಕೆಂಡು ಸೆಕೆಂಡಿಗೆ 5 ಮೀಟರಿನಂತೆ ವೇಗ ಕಡಮೆಯಾಗುವ ಹಾಗೆ ಬ್ರೇಕು ಹಾಕಿದರೆ, ಅದು ನಾಲ್ಕೂವರೆ ಸೆಕೆಂಡಿನೊಳಗೆ, ಸುಮಾರು 49 ಮೀ. ಉರುಳಿ ನಿಲ್ಲುತ್ತದೆ. ನೋಡುವ ಕಣ್ಣಿಗೆ ಎಲ್ಲವೂ ಸಹಜ. ಆಟದ ಗಡಿಯಾರವನ್ನೂ ಭೂಪಟವನ್ನೂ ನಂಬಿದವನಿಗಾದರೋ ಲಾರಿ ನಿಲ್ಲಲು 84 ಸೆಕೆಂಡು ಹಿಡಿಯಿತು. ನಿಲ್ಲುವ ಮುನ್ನ ಅದು 900 ಮೀ.ಗೂ ಹೆಚ್ಚು ದೂರ ಜಾರಿತು! ದೂರ, ಕಾಲ, ವೇಗ ಈ ಮೂರನ್ನು ರಾಜಿ ಮಾಡಿಸಬಹುದು. ವೇಗೋತ್ಕರ್ಷವು ಆ ರಾಜಿಗೆ ಸಹಿ ಹಾಕುವುದಿಲ್ಲ.

ಹಡಗುಗಳ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು ಪರೀಕ್ಷಿಸಿದ ಇಂಗ್ಲೆಂಡಿನ ವಿಲಿಯಮ್ ಫ್ರೂಡ್ (1810-1879) ಈ ಸಮಸ್ಯೆಯನ್ನು ಬಹು ಹಿಂದೆಯೇ ಎದುರಿಸಿದ್ದನು. ಗುರುತ್ವವನ್ನು ಯಾರೂ ಕುಗ್ಗಿಸಲಾರರಷ್ಟೆ. ಆದುದರಿಂದ ಉದ್ದವನ್ನು 19ರಲ್ಲಿ 1ಕ್ಕೆ ಇಳಿಸಿದ ಮಾದರಿಯ ವೇಗವನ್ನು 19ರ ವರ್ಗಮೂಲದಷ್ಟು, ಎಂದರೆ ಸುಮಾರು 4.4 ಪಟ್ಟು ಮಾತ್ರ ಇಳಿಸಬೇಕು; ಆಗ ಮಾದರಿಯು ಎಬ್ಬಿಸುವ ಅಲೆಗಳು ಹಡಗಿನ ಅಲೆಗಳ ನಿಜವಾದ ಪಡಿಯಚ್ಚಾಗುತ್ತವೆ. ಆಟದ ಕರ್ತೃಗಳು ಈ ನಿಯಮವನ್ನು ಬಳಸದಿದ್ದುದಕ್ಕೆ ಕಾರಣವುಂಟು. ಫ್ರೂಡನ ತೊಟ್ಟಿಯಲ್ಲಿ ಹಡಗೂ ಚಿಕ್ಕದು. ಇಲ್ಲಿ ದೇಶ ಮಾತ್ರ ಚಿಕ್ಕದು. ಲಾರಿ ಪೂರ್ಣ ಗಾತ್ರದ್ದು. ಲಿಲಿಪುಟ್ಟಿಗೆ ಹೋದ ಗಲಿವರನ ಸ್ಥಿತಿ ಅದರದು. ಸ್ವಿಫ್ಟನು ತನ್ನ ಕಥೆಯಲ್ಲಿ ಹಿಡಿದ ಪ್ರಮಾಣ 12ರಲ್ಲಿ 1. ಇಲ್ಲಿಯದು ಅದಕ್ಕಿಂತ ಸಂಕುಚಿತ.

ತಿರುವುಗಳಿಗೆ ಏನಾಯಿತು?

ಗಂಟೆಗೆ 80 ಕಿ.ಮೀ. ವೇಗಕ್ಕೆ ತಕ್ಕುದಾಗಿ ಕಟ್ಟಿದ ರಸ್ತೆಯ ತಿರುವಿಗೆ ಸುಮಾರು 230 ಮೀ. ತ್ರಿಜ್ಯ ಬೇಕು. ಇದನ್ನು 19ರಿಂದ ಭಾಗಿಸಿದರೆ 12 ಮೀ. ಸರಕು ತುಂಬಿದ ಎತ್ತರದ ಲಾರಿಯನ್ನು ಪಕ್ಕಕ್ಕೆ ಉರುಳಿಸಲು ಗುರುತ್ವದ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚಿನ ವೇಗೋತ್ಕರ್ಷ ಸಾಕು. 12 ಮೀ. ತ್ರಿಜ್ಯದ ತಿರುವಿನಲ್ಲಿ ಅಷ್ಟನ್ನು ಪಡೆಯಲು ಗಂಟೆಗೆ 23 ಕಿ.ಮೀ. ವೇಗವೇ ಧಾರಾಳ. ನಕಾಶೆಯನ್ನು ಪ್ರಾಮಾಣಿಕವಾಗಿ ಕುಗ್ಗಿಸಿದ್ದರೆ ಹೆದ್ದಾರಿಯ ಪ್ರತಿಯೊಂದು ತಿರುವಿನಲ್ಲಿಯೂ ಲಾರಿಗಳು ಮಗುಚಿ ಬಿದ್ದಿರುತ್ತಿದ್ದುವು.

ಸೇತುವೆಗಳ ಪಾಡನ್ನೂ ನೋಡೋಣ. ಮಾಲ್ಮೊ ನಗರಕ್ಕೂ ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೂ ನಡುವೆ ಸಮುದ್ರದ ಮೇಲೆ 2000ದಲ್ಲಿ ತೆರೆದ ಓರೆಸುಂಡ್ ಸೇತುವೆ ಇದೆ. ಉದ್ದ ಸುಮಾರು 7,845 ಮೀ. ಸೇತುವೆ ಮುಗಿದ ಮೇಲೆ ಕೃತಕ ದ್ವೀಪವೊಂದು, ಅಲ್ಲಿಂದ ಮುಂದೆ ಕಡಲಡಿಯ ಸುರಂಗ. ಸೇತುವೆಯ ನಡುವಿನ ದೊಡ್ಡ ಕಮಾನಿನ ಹರವು 490 ಮೀ.; ಅದನ್ನು ಉಕ್ಕಿನ ಮಿಣಿಗಳಿಂದ ಹಿಡಿದು ನಿಂತ ಕಂಬಗಳ ಎತ್ತರ 204 ಮೀ. ಕುಗ್ಗಿಸಿದರೆ ಏನಾದೀತು? ಕಂಬಗಳು 11 ಮೀ. ಎತ್ತರದ ದೀಪದ ಕಂಬಗಳಾದುವು. 490 ಮೀ. ಹರವು 26 ಮೀ.ಗೆ ಬಂದಿತು. ಸ್ವೀಡನ್ನಿನ ರಸ್ತೆಗಳಲ್ಲಿ 25.25 ಮೀ. ಉದ್ದದ ಜೋಡಿ ಲಾರಿಗಳಿಗೆ ಅನುಮತಿ ಇದೆ. ಅಂಥದೊಂದು ಬಂದು ನಿಂತರೆ ಸಾಕು, ಜಗದ್ವಿಖ್ಯಾತ ಕಮಾನು ಭರ್ತಿಯಾಯಿತು!

ಆದುದರಿಂದ ಭೂಪಟ ರಚಿಸುವವರು ವಸ್ತುಗಳನ್ನು ಕುಗ್ಗಿಸುವುದಿಲ್ಲ, ಆಯ್ದುಕೊಳ್ಳುತ್ತಾರೆ. ಹತ್ತೊಂಬತ್ತು ತಿರುವುಗಳಿದ್ದ ಕಡೆ ಒಂದನ್ನು ಸಹಜ ಗಾತ್ರದಲ್ಲಿಯೇ ಉಳಿಸಿಕೊಂಡು ಹದಿನೆಂಟನ್ನು ಬಿಟ್ಟುಬಿಡುತ್ತಾರೆ. ಕೂಡುರಸ್ತೆ, ಪೆಟ್ರೋಲ್ ಬಂಕು, ಮರ, ಮನೆ ಎಲ್ಲವೂ ಪೂರ್ಣ ಗಾತ್ರದವು. ನಡುವಣ ಹಾದಿಗೆ ಮಾತ್ರ ಕತ್ತರಿ. ಫೋಟೋ ಸ್ಟುಡಿಯೊದಲ್ಲಿ ಚಿತ್ರವನ್ನು ಚಿಕ್ಕದು ಮಾಡುವ ಹಾಗಲ್ಲ ಇದು. ಮಹಾಭಾರತವನ್ನು ಮಕ್ಕಳಿಗಾಗಿ ನೂರು ಪುಟಗಳಲ್ಲಿ ಬರೆದ ಹಾಗೆ.

ಸಂಗ್ರಹವೆಂದ ಮೇಲೆ ಯಾವುದು ಸಂಗ್ರಹಕ್ಕೆ ಒಗ್ಗುತ್ತದೆ, ಯಾವುದು ಒಗ್ಗದು ಎಂಬ ವಿಚಾರ ಬರುತ್ತದೆ. ವಿಸ್ತರಣೆಯ ಬೆಲೆ ಕಟ್ಟುವವರು ಇದನ್ನು ಗಮನಿಸಿದಂತೆ ಕಾಣುವುದಿಲ್ಲ. ಕ್ಲಾಡ್ ಶ್ಯಾನನ್ ಎಂಬ ಅಮೆರಿಕದ ಗಣಿತಜ್ಞನು 1948ರಲ್ಲಿ ಸಂದೇಶಗಳ ಸಿದ್ಧಾಂತವನ್ನು ರೂಪಿಸಿದಾಗ ತೋರಿಸಿದ ಒಂದು ಸಂಗತಿ ಇಲ್ಲಿ ನೆರವಿಗೆ ಬರುತ್ತದೆ: ಯಾವ ಸಂದೇಶದಲ್ಲಿ ಪುನರುಕ್ತಿ ಹೆಚ್ಚೋ ಅದನ್ನು ನಷ್ಟವಿಲ್ಲದೆ ಹೆಚ್ಚು ಕುಗ್ಗಿಸಬಹುದು. ಸ್ವೀಡನ್ನಿನ ಹೆದ್ದಾರಿಯಲ್ಲಿ ಪೈನ್ ಮತ್ತು ಸ್ಪ್ರೂಸ್ ಮರಗಳ ಕಾಡು ಹತ್ತಾರು ಕಿಲೊಮೀಟರು ಒಂದೇ ಸಮನೆ ಸಾಗುತ್ತದೆ. ಅದರಲ್ಲಿ ಒಂದು ಕಿಲೊಮೀಟರನ್ನು ಉಳಿಸಿ ಹದಿನೆಂಟನ್ನು ಕಳೆದರೆ ನೋಡುವವನಿಗೆ ಹೆಚ್ಚಿನ ನಷ್ಟವಿಲ್ಲ. ಉತ್ತರ ಇಟಲಿಯಲ್ಲಿಯೋ ಜರ್ಮನಿಯ ರೈನ್ ಕಣಿವೆಯಲ್ಲಿಯೋ ಹಾಗಲ್ಲ. ಅಲ್ಲಿ ಊರಿನ ಬೆನ್ನಿಗೆ ಊರು, ಒಂದೊಂದಕ್ಕೂ ಒಂದೊಂದು ಮುಖ. ಅಲ್ಲಿ ಹದಿನೆಂಟನ್ನು ಕಳೆದರೆ ಹದಿನೆಂಟು ಊರುಗಳೇ ಹೋದುವು. ಈ ದೃಷ್ಟಿಯಿಂದ ಸ್ಕ್ಯಾಂಡಿನೇವಿಯದ ಭೂಪಟ ಕೊಟ್ಟ ಹಣಕ್ಕೆ ಮೋಸ ಮಾಡದು ಎಂಬುದು ನನ್ನ ಎಣಿಕೆ.

ಬೆಟ್ಟ ಇಳಿಯುವ ಲೆಕ್ಕ

ಇನ್ನು ಹುಡುಗನ ನಿಜವಾದ ಪ್ರಶ್ನೆಗೆ ಬರೋಣ. ನೂರು ಮೀಟರು ಸಾಗಿದಾಗ 7 ಮೀಟರು ಇಳಿಯುವ ಬೆಟ್ಟದ ರಸ್ತೆಯೊಂದನ್ನು ಕಲ್ಪಿಸಿಕೊಳ್ಳಿರಿ; ಇಳಿಜಾರಿನ ಉದ್ದ 19 ಕಿ.ಮೀ. ಆಗಿರಲಿ. ಒಟ್ಟು ಇಳಿತ 1,330 ಮೀ. ಆಟದಲ್ಲಿ ಇದರ ಉದ್ದ 1 ಕಿ.ಮೀ.ಗೆ ಇಳಿಯಬೇಕು. ಎತ್ತರವನ್ನು ಹಾಗೆಯೇ ಉಳಿಸಿಕೊಂಡರೆ ರಸ್ತೆಯು 53 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಅದನ್ನು ಹತ್ತುವ ಲಾರಿ ಇನ್ನೂ ಹುಟ್ಟಿಲ್ಲ. ಆದುದರಿಂದ ಓರೆಯನ್ನು ಉಳಿಸಿಕೊಂಡು ಎತ್ತರವನ್ನೇ ಬಿಟ್ಟುಕೊಡಬೇಕು. ಇಳಿತ 70 ಮೀ. ಆಯಿತು.

ಯೂರೋಪಿನಲ್ಲಿ ಸಾಮಾನ್ಯವಾದ ಐದು ಅಚ್ಚಿನ ಲಾರಿಯ ತೂಕಕ್ಕೆ 40 ಟನ್ನು ಮಿತಿ. ಅಷ್ಟು ಭಾರ 1,330 ಮೀ. ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 52 ಕೋಟಿ ಜೌಲ್. 70 ಮೀ. ಇಳಿದಾಗ 2.7 ಕೋಟಿ. ವೇಗ ಹೆಚ್ಚಬಾರದೆಂದರೆ ಈ ಶಕ್ತಿಯೆಲ್ಲ ಎಲ್ಲಿಯಾದರೂ ಹೋಗಬೇಕಷ್ಟೆ. ಗಾಳಿಯ ತಡೆ, ಟೈರುಗಳ ಘರ್ಷಣೆ ಎಲ್ಲ ಸೇರಿ ಹೀರುವುದು ಎಂಟನೆಯ ಒಂದು ಪಾಲು. ಅದನ್ನು ಸದ್ಯಕ್ಕೆ ಬಿಡೋಣ. ಉಳಿದುದು ಕಾಲು ಬ್ರೇಕಿನ ಕಬ್ಬಿಣದೊಳಗೆ ಉಷ್ಣವಾಗಿ ಸೇರುತ್ತದೆ.

ಹತ್ತು ಕಡೆಗಳ ಬ್ರೇಕುಗಳಲ್ಲಿರುವ ಎರಕದ ಕಬ್ಬಿಣ ಒಟ್ಟು 500 ಕಿ.ಗ್ರಾಂ. ಎಂದು ಹಿಡಿಯೋಣ. ಇಷ್ಟು ಕಬ್ಬಿಣದ ಉಷ್ಣತೆ ಒಂದು ಡಿಗ್ರಿ ಏರಲು 2.3 ಲಕ್ಷ ಜೌಲ್ ಬೇಕು. ಆಟದ 70 ಮೀ. ಇಳಿತಕ್ಕೆ ಏರಿಕೆ 119 ಡಿಗ್ರಿ. ಬ್ರೇಕು ಬಿಸಿಯಾಯಿತು, ಕೈಯಿಟ್ಟರೆ ಸುಡುತ್ತದೆ, ಆದರೆ ಹಿಡಿಯುತ್ತದೆ. ನಿಜವಾದ 1,330 ಮೀ. ಇಳಿತಕ್ಕೆ ಲೆಕ್ಕ ಹಾಕಿದರೆ 2,200 ಡಿಗ್ರಿಗೂ ಮೀರುತ್ತದೆ. ಎರಕದ ಕಬ್ಬಿಣ 1,200 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗುವ ವಸ್ತು. ವಾಸ್ತವದಲ್ಲಿ ದಾರಿಯುದ್ದಕ್ಕೂ ಗಾಳಿಗೆ ಉಷ್ಣ ಹೋಗುತ್ತಿರುವುದರಿಂದ ಅಷ್ಟು ಏರುವುದಿಲ್ಲ, ನಿಜ. ಆದರೆ ಕರಗುವ ತನಕ ಕಾಯಬೇಕಾಗಿಯೂ ಇಲ್ಲ. ಅದಕ್ಕೆ ಬಹಳ ಮೊದಲೇ ಬ್ರೇಕಿನ ಲೈನಿಂಗು ಹಿಡಿತ ಕಳೆದುಕೊಳ್ಳುತ್ತದೆ. ಚಾಲಕನು ಪೆಡಲನ್ನು ಎಷ್ಟು ತುಳಿದರೂ ಲಾರಿ ನಿಲ್ಲದು.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ ಬೆಟ್ಟವನ್ನು ಇಳಿಯಲು ನಿಜವಾಗಿ 19 ನಿಮಿಷ ಬೇಕು. ಅಷ್ಟು ಹೊತ್ತೂ ಸುಮಾರು 600 ಅಶ್ವಶಕ್ತಿಯ ಎಂಜಿನ್ನೊಂದು ಲಾರಿಯನ್ನು ಹಿಂದಿನಿಂದ ನೂಕುತ್ತಿರುವಂತೆ. ಅದಕ್ಕಾಗಿಯೇ ಅನುಭವಸ್ಥರು ಕೆಳಗಿನ ಗೇರಿಗೆ ಹಾಕಿ, ಎಂಜಿನ್ನನ್ನೇ ತಡೆಯಾಗಿ ಬಳಸಿ, ಕಾಲು ಬ್ರೇಕನ್ನು ಆಪತ್ತಿಗೆಂದು ಮೀಸಲಿಡುತ್ತಾರೆ. ಆಟದಲ್ಲಿ ಆ ಇಳಿತ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಬ್ರೇಕಿನ ಉಷ್ಣತೆಯನ್ನು ಕಂಪ್ಯೂಟರು ಎಷ್ಟೇ ಸೂಕ್ಷ್ಮವಾಗಿ ಗಣಿಸಿದರೂ, ಕಾಯುವುದಕ್ಕೆ ಸಮಯವೇ ಸಿಕ್ಕದ ಬ್ರೇಕು ಸೋಲುವುದೆಂತು? ಲೆಕ್ಕದಲ್ಲಿ ತಪ್ಪಿಲ್ಲದೆಯೇ ತಪ್ಪು ಅಭ್ಯಾಸ ಕಾಲಿಗೆ ಹತ್ತುತ್ತದೆ. ಹುಡುಗನ ತಂದೆ 'ರೋಡ್ ಹಂಪು' ಎಂದುದು ಬರಿಯ ಹಾಸ್ಯವಾಗಿರಲಿಲ್ಲ. 1,330ಕ್ಕೂ 70ಕ್ಕೂ ಇರುವ ಅಂತರವನ್ನು ಅವರು ತಮ್ಮ ಭಾಷೆಯಲ್ಲಿ ಹೇಳಿದ್ದರು.

ಹಲಗೆಯ ಮೇಲೆ 2,200 ಎಂಬ ಅಂಕೆ ಬಿದ್ದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ, "ಹಾಗಾದರೆ ಇದರಲ್ಲಿ ಕಲಿಯುವುದು ಏನೂ ಇಲ್ಲವೆ ಸಾರ್?" ಎಂದನು.

ಉಂಟು. ಎಲ್ಲಿ ದೂರವನ್ನೂ ಕಾಲವನ್ನೂ ಕುಗ್ಗಿಸುವ ಪ್ರಸಂಗವೇ ಬರುವುದಿಲ್ಲವೋ ಅಲ್ಲಿ ಆಟವು ನಿಜಕ್ಕೆ ಬಲು ಸಮೀಪದ್ದು. ಗೋದಾಮಿನ ಅಂಗಳದಲ್ಲಿ ಟ್ರೈಲರನ್ನು ಹಿಂದಕ್ಕೆ ನಡೆಸಿ ಕಟ್ಟೆಗೆ ಸೇರಿಸುವ ಕೆಲಸ ಅಂಥದು. ಅಂಗಳವೂ ಲಾರಿಯೂ ಪೂರ್ಣ ಗಾತ್ರದವು, ನಡಿಗೆಯ ವೇಗ. ಹಿಂದಕ್ಕೆ ಹೋಗುವಾಗ ಎಳೆಯುವ ಲಾರಿಗೂ ಟ್ರೈಲರಿಗೂ ನಡುವಣ ಕೋನವು ತಾನಾಗಿ ಬೆಳೆಯುತ್ತದೆ. ಕೊಂಡಿಯಿಂದ ಹಿಂದಿನ ಅಚ್ಚಿಗೆ 8 ಮೀ. ಇದ್ದರೆ, ಲಾರಿ ನೇರವಾಗಿ ಹಿಂದೆ ಸರಿದ ಪ್ರತಿ 8 ಮೀ.ಗೂ ಆ ಕೋನ ಸುಮಾರು 2.7 ಪಟ್ಟಾಗುತ್ತದೆ. ಮೊದಲಿಗೆ 1 ಡಿಗ್ರಿ ಇದ್ದುದು 8 ಮೀ.ಗೆ 2.7, 16 ಮೀ.ಗೆ 7.4, 24 ಮೀ.ಗೆ 20 ಡಿಗ್ರಿ. ಅಂಗೈ ಮೇಲೆ ಕೋಲನ್ನು ನಿಲ್ಲಿಸುವ ಆಟವನ್ನು ಹೋಲುವ ಅಸ್ಥಿರ ಸಮತೋಲವಿದು. 1 ಡಿಗ್ರಿ ಇರುವಾಗಲೇ ತಿದ್ದಿದವನು ಗೆದ್ದನು. ಈ ಕೈಚಳಕವನ್ನು ಪರದೆಯ ಮುಂದೆ ಕಲಿತರೆ ಅದು ವ್ಯರ್ಥವಾಗದು. ಬಲಗಡೆಯ ಸಂಚಾರದ ಅಭ್ಯಾಸವೂ ಆಗುತ್ತದೆ. ಸ್ವೀಡನ್ನಿನವರೂ ನಮ್ಮಂತೆ ಎಡಗಡೆಯಲ್ಲಿಯೇ ಓಡಿಸುತ್ತಿದ್ದು, 1967ರ ಸೆಪ್ಟೆಂಬರ್ 3ರಂದು ಒಂದೇ ದಿನ ಇಡೀ ದೇಶವೇ ಬಲಕ್ಕೆ ಬದಲಾಯಿಸಿಕೊಂಡಿತು.

ಕೊಳ್ಳುವ ವಿಚಾರದಲ್ಲಿ ಇನ್ನೊಂದು ಮಾತು. ವಿಸ್ತರಣೆಯಲ್ಲಿ ಎಷ್ಟು ನಗರಗಳಿವೆ ಎಂದು ಎಣಿಸುವುದು ರೂಢಿ. ಸ್ಕ್ಯಾಂಡಿನೇವಿಯದಲ್ಲಿ 27 ನಗರಗಳು. ಈಗಾಗಲೇ ನಿಮ್ಮಲ್ಲಿ 60 ಇವೆಯೆಂದು ಊಹಿಸಿದರೆ, ಎರಡೆರಡು ನಗರಗಳ ಜೋಡಿಗಳು 1,770 ಇದ್ದುವು 3,741 ಆಗುತ್ತವೆ. ಪ್ರಯಾಣಗಳು ಇಮ್ಮಡಿಯಾದಂತೆ ತೋರುತ್ತದೆ. ಇದು ಅಂಕೆಗಳ ಕಣ್ಕಟ್ಟು. ಮಿಲಾನಿನಿಂದ ಬರ್ಗೆನ್ನಿಗೆ ಹೋಗುವವನು ಬಹುಪಾಲು ಹಳೆಯ ರಸ್ತೆಯಲ್ಲಿಯೇ ಹೋಗಿ ಕೊನೆಗೆ ಮಾತ್ರ ಹೊಸದನ್ನು ಕಾಣುತ್ತಾನೆ. ಎಣಿಸಬೇಕಾದುದು ಹೊಸ ರಸ್ತೆಯನ್ನು, ಜೋಡಿಗಳನ್ನಲ್ಲ. ಭೂಪಟದ ಮೂಲೆಯಲ್ಲಿರುವ ದೇಶಕ್ಕೂ ನಡುವಿನಲ್ಲಿರುವ ದೇಶಕ್ಕೂ ವ್ಯತ್ಯಾಸವಿದೆ. ಸ್ಕ್ಯಾಂಡಿನೇವಿಯ ಮೂಲೆ, ಹೋಗಬೇಕೆಂದವನು ಮಾತ್ರ ಹೋಗುತ್ತಾನೆ. ಫ್ರಾನ್ಸ್ ನಡುದಾರಿ, ಸ್ಪೇನಿಗೆ ನೆಲದ ಮೇಲೆ ಹೋಗುವವನು ಅದನ್ನು ದಾಟಲೇಬೇಕು. ಆದುದರಿಂದ ಐಬೀರಿಯವನ್ನು ಕೊಳ್ಳುವ ಆಸೆಯುಳ್ಳವರು ಫ್ರಾನ್ಸನ್ನು ಮೊದಲು ಕೊಳ್ಳುವುದು ಲೇಸು.

ಇಷ್ಟನ್ನು ಹೇಳಿ, ನಾನು ಹುಡುಗನಿಗೆ ಕೊಟ್ಟ ಉತ್ತರ ಹೀಗಿತ್ತು: ಮೂಲ ಆಟದ ರಸ್ತೆಗಳೆಲ್ಲ ಬಾಯಿಪಾಠವಾಗಿದ್ದರೆ ಕೊಳ್ಳು, ಇಲ್ಲದಿದ್ದರೆ ಕಾಯಿ; ರಿಯಾಯಿತಿಯ ಮಾರಾಟ ವರ್ಷದಲ್ಲಿ ಹಲವು ಸಲ ಬರುತ್ತದೆ. ಕಾಡು, ಸೇತುವೆ, ಫೆರ್ರಿ ಹಡಗು, ಟ್ರೈಲರಿನ ಕೋನ, ಇವುಗಳಿಗಾಗಿ ಕೊಂಡರೆ ನಷ್ಟವಿಲ್ಲ. ಘಾಟಿ ಇಳಿಯುವುದನ್ನು ಕಲಿಯಲೆಂದು ಕೊಳ್ಳುವುದಾದರೆ ಬೇಡ. ಅದಕ್ಕೆ ತಂದೆಯವರ ಪಕ್ಕದ ಸೀಟು ಇದೆ, ಹಣವೂ ಬೇಕಾಗಿಲ್ಲ.

ದಸರಾ ರಜೆಯಲ್ಲಿ ಅವನು ತಂದೆಯೊಡನೆ ಒಂದು ಸಲ ಘಾಟಿ ಇಳಿದು ಬಂದನು. ಎಷ್ಟು ಸಲ ಕಾಲು ಬ್ರೇಕು ಒತ್ತಿದರೆಂದು ಎಣಿಸಿಕೊಂಡು ಬಾ ಎಂದಿದ್ದೆ. ಎಣಿಕೆ ಎರಡು ಕೈಬೆರಳುಗಳನ್ನು ದಾಟಲಿಲ್ಲವೆಂದನು. ಭೂಪಟವನ್ನೂ ಅನಂತರ ಕೊಂಡನೆನ್ನಿ.

ಈ ಆಟವಿರುವ ವಾಚಕರು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಹೆದ್ದಾರಿಯಲ್ಲಿ ಹೋಗುತ್ತಿರುವಾಗ ಆಟದ ಗಡಿಯಾರದ ಹೊತ್ತನ್ನು ಬರೆದುಕೊಂಡು, ಕೈಗಡಿಯಾರದಲ್ಲಿ ಸರಿಯಾಗಿ 3 ನಿಮಿಷ ಕಳೆದ ಮೇಲೆ ಪುನಃ ನೋಡಿರಿ. ಎರಡು ಹೊತ್ತುಗಳ ಅಂತರವನ್ನು 3ರಿಂದ ಭಾಗಿಸಿದರೆ ಪ್ರಮಾಣ ತಿಳಿಯುತ್ತದೆ. ನಗರದೊಳಗೆ ಹೊಕ್ಕು ಇದನ್ನೇ ಮಾಡಿರಿ. ಕೊನೆಗೆ ನಗರದ ಎಲ್ಲೆಯನ್ನು ನಡುವೆ ದಾಟುವಂತೆ ಒಮ್ಮೆ ಅಳೆಯಿರಿ. ಆಗ ಬರುವ ಉತ್ತರವು 19ಕ್ಕೂ 3ಕ್ಕೂ ನಡುವೆ ಎಲ್ಲಿಯೋ ಬೀಳುತ್ತದೆ. ಆ ಒಂದು ಸಂಖ್ಯೆಯಿಂದ, 3 ನಿಮಿಷಗಳಲ್ಲಿ ನೀವು ಎಷ್ಟು ಸೆಕೆಂಡು ನಗರದ ಹೊರಗಿದ್ದಿರೆಂಬುದನ್ನು ಕಂಡುಹಿಡಿಯಬಹುದು.